ಬಣ್ಣ ತಾಗಿದೊಡನೆ ಕಾಗದದ ಎರಕ ಮೆತ್ತಗಾಗುವುದೇಕೆ?

ಪ್ರಶ್ನೆ: ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ, ಹತ್ತಿಯನ್ನು ಅರೆದು ಮಾಡಿದ ಕಾಗದದ ತಿರುಳನ್ನು ಒತ್ತಿ, ಒಣಗಿಸಿ, ಶುಭಾಶಯ ಪತ್ರಗಳ ಮೇಲೆ ಅಂಟಿಸುತ್ತಿದ್ದೇನೆ. ಗಿಳಿ, ಆನೆ ಚೆನ್ನಾಗಿಯೇ ಮೂಡುತ್ತವೆ. ಜಲವರ್ಣ ಹಚ್ಚಿದರೆ ಮಾತ್ರ ಬಣ್ಣ ಹರಡಿ, ಉಬ್ಬು ಮೆತ್ತಗಾಗಿ, ಎಳೆಗಳು ಏಳುತ್ತವೆ. ಏನು ಮಾಡಲಿ? (ಓದುಗರೊಬ್ಬರು, ಬಸವನಗುಡಿ)

ಉತ್ತರ: ದೋಷವಿರುವುದು ಬಣ್ಣದಲ್ಲಲ್ಲ, ತಿರುಳಿನಲ್ಲಿ. ಅಂಗಡಿಯಲ್ಲಿ ಸಿಗುವ ಬರೆಯುವ ಹಾಳೆಗೆ ನೀರನ್ನು ತಡೆಯುವ ಪದಾರ್ಥವೊಂದನ್ನು ತಯಾರಿಕೆಯ ಹಂತದಲ್ಲಿಯೇ ಸೇರಿಸಿರುತ್ತಾರೆ. ಮನೆಯ ಮಿಕ್ಸಿಯಲ್ಲಿ ಅರೆದ ಹತ್ತಿಯ ತಿರುಳಿನಲ್ಲಿ ಅದಿರುವುದಿಲ್ಲವಾದ್ದರಿಂದ ಒಣಗಿದ ಎರಕವು ಮಸಿ ಹೀರುವ ಕಾಗದದಂತೆ ವರ್ತಿಸುತ್ತದೆ. ನೀರು ಆರಿಹೋಗುವಾಗ ಎಳೆಗಳ ನಡುವೆ ಏರ್ಪಡುವ ಹೈಡ್ರೋಜನ್ ಬಂಧಗಳೇ ಗಿಳಿಯ ಕೊಕ್ಕನ್ನೂ ಆನೆಯ ಸೊಂಡಿಲನ್ನೂ ಹಿಡಿದಿಟ್ಟಿರುತ್ತವೆ. ಕುಂಚದಿಂದ ಮತ್ತೆ ನೀರು ಇಳಿದರೆ ಆ ಬಂಧಗಳು ಸಡಿಲಗೊಂಡು ಎಳೆಗಳು ಉಬ್ಬುತ್ತವೆ.

ಆದ್ದರಿಂದ ಪೂರ್ತಿ ಒಣಗಿದ ಎರಕಕ್ಕೆ ಬಣ್ಣಕ್ಕಿಂತ ಮೊದಲು ಒಂದು ತೆಳು ಲೇಪ ಕೊಡಬೇಕು. 200 ಮಿಲಿಲೀಟರ್ ನೀರಿಗೆ 5 ಗ್ರಾಂ ಜೆಲಟಿನ್ ಹಾಕಿ, ಅದು ನೆನೆದ ಮೇಲೆ ಕುದಿಸದೆ ಬೆಚ್ಚಗೆ ಮಾಡಿ ಕರಗಿಸಿ, ಮೆತ್ತನೆಯ ಕುಂಚದಿಂದ ಉಜ್ಜದೆ ಸವರಿ ಒಣಗಲು ಬಿಡಿ. ಯೂರೋಪಿನ ಕಾಗದ ತಯಾರಕರು ಶತಮಾನಗಳ ಕಾಲ ಬಳಸಿದ್ದು ಇದನ್ನೇ. ಪ್ರಾಣಿಜನ್ಯವೆಂಬ ಕಾರಣಕ್ಕೆ ಜೆಲಟಿನ್ ಅಡುಗೆಮನೆಗೆ ಬರಕೂಡದು ಎನ್ನುವ ಮನೆಗಳು ಬಸವನಗುಡಿಯಲ್ಲಿ ಕಡಿಮೆಯೇನಿಲ್ಲ. ಅಂಥವರು ಕಾರ್ನ್‌ಫ್ಲೋರಿನ ತೆಳು ಗಂಜಿಯನ್ನು ಬಳಸಬಹುದು. ಹಿಂದೆ ನಮ್ಮ ದೇಶದ ಕೈಕಾಗದಕ್ಕೂ ಗಂಜಿ ಹಚ್ಚಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಿದ್ದರು. ಆದರೆ ಗಂಜಿಗೆ ಹುಳು ಬೀಳುವ ಭಯವಿದೆ, ಹಾಗಾಗಿ ವರ್ಷಗಟ್ಟಲೆ ಇಡುವ ಪತ್ರಗಳಿಗೆ ನಾನು ಅದನ್ನು ಸೂಚಿಸಲಾರೆ.

ಒತ್ತುವಾಗಿನ ಉದಾಸೀನವೂ ಎಳೆ ಏಳಲು ಕಾರಣವಾಗುತ್ತದೆ. ಜರಡಿಯಲ್ಲಿ ಸೋಸಿದ ತಿರುಳನ್ನು ಅಚ್ಚಿನ ಒಂದು ಹೋಳಿನಲ್ಲಿ ತುಂಬಿ, ಅಂಚಿನಾಚೆಗೂ ಸ್ವಲ್ಪ ಹರಡಿ, ಸ್ಪಂಜನ್ನು ಒತ್ತುತ್ತಾ ಹಿಂಡುತ್ತಾ ಅದಕ್ಕೆ ನೀರು ಹತ್ತದಷ್ಟರ ಮಟ್ಟಿಗೆ ಬಿಗಿಮಾಡಬೇಕು. ಸಲೀಸಾಗಿ ಬಿಡಲೆಂದು ಅಚ್ಚಿಗೆ ಎಣ್ಣೆ ಸವರಬೇಡಿ, ಎಣ್ಣೆ ಹತ್ತಿದ ಕಡೆ ಬಣ್ಣ ಹಿಡಿಯುವುದಿಲ್ಲ. ಮರದ ಅಚ್ಚನ್ನು ಬಿಸಿಲಿಗಿಟ್ಟರೆ ಸೀಳಬಹುದು, ಫ್ಯಾನಿನ ಕೆಳಗೆ ನೆರಳಿನಲ್ಲಿಯೇ ಒಣಗಿಸುವುದು ಕ್ಷೇಮ. ಬೆಂಗಳೂರಿನಲ್ಲಿ ಜುಲೈ, ಆಗಸ್ಟ್ ತಿಂಗಳ ಜಡಿಮಳೆಯ ದಿನಗಳಲ್ಲಿ ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಎರಕವನ್ನು ಕೆನ್ನೆಗೆ ತಾಗಿಸಿ, ತಣ್ಣಗೆನಿಸಿದರೆ ಇನ್ನೂ ಕಾಯಿರಿ. ಕಾಗದಕ್ಕೆ ಬಳಸಿದ ಅಚ್ಚನ್ನು ಮತ್ತೆ ಸಕ್ಕರೆಗೆ ಬಳಸಕೂಡದು ಎಂಬುದನ್ನು ಹೇಳಲೇಬೇಕಿಲ್ಲ.

ಬಣ್ಣದ ವಿಷಯದಲ್ಲಿ ನನ್ನ ಒಲವು ಒಣಬಣ್ಣದ ಕಡೆಗೆ. ಚಾಕ್ ಪೇಸ್ಟಲ್ ಕಡ್ಡಿಯನ್ನು ಕೆರೆದು ಪುಡಿ ಮಾಡಿ, ಇಯರ್‌ಬಡ್‌ನ ಹತ್ತಿಯಿಂದ ಗಿಳಿಯ ರೆಕ್ಕೆಯ ಮೇಲೆ ತೀಡಿದರೆ ಪುಡಿ ಉಬ್ಬಿದ ಗೆರೆಗಳಿಗಷ್ಟೇ ಹತ್ತಿ, ತಗ್ಗುಗಳು ಬೆಳ್ಳಗೆ ಉಳಿಯುತ್ತವೆ. ಅದರ ಮೇಲೆ ಪುಡಿಯನ್ನು ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಹೊಡೆಯದಿದ್ದರೆ ಪುಡಿ ಲಕೋಟೆಗೆ ಹತ್ತುತ್ತದೆ. ಜಲವರ್ಣವೇ ಬೇಕೆಂದಾದರೆ ಕುಂಚವನ್ನು ಬಟ್ಟೆಗೆ ಒತ್ತಿ ನೀರಿಳಿಸಿ, ಅದರ ಮೊನೆಯನ್ನು ಬಿಟ್ಟು ಮಗ್ಗುಲನ್ನು ಆಡಿಸಿ, ಒಂದು ಪದರ ಒಣಗಿದ ನಂತರವೇ ಇನ್ನೊಂದನ್ನು ಹಚ್ಚಿ. ಎರಕವನ್ನು ಇಡಿಯಾಗಿ ಬಣ್ಣದಲ್ಲಿ ಮುಳುಗಿಸುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಬಿಳಿಯ ಮೇಲೆ ಬೀಳುವ ನೆರಳಿಲ್ಲದಿದ್ದರೆ ಉಬ್ಬು ಕಾಣುವುದೇ ಇಲ್ಲ.

ಅಂಟಿಸಲು 250ರಿಂದ 300 ಜಿಎಸ್ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ) ದಪ್ಪದ ಹಾಳೆ ಸಾಕು. ಅವೆನ್ಯೂ ರಸ್ತೆಯ ಕಾಗದದಂಗಡಿಗಳಲ್ಲಿ ವಿಚಾರಿಸಿ. ಫೆವಿಕಾಲನ್ನು ಎರಕದ ಬೆನ್ನಿಗೆಲ್ಲ ಬಳಿದರೆ ಅದರ ನೀರಿಗೇ ಹಾಳೆ ಸುರುಳಿಯಾಗುವುದರಿಂದ ಅಲ್ಲಲ್ಲಿ ಚುಕ್ಕೆಯಿಟ್ಟು ಅಂಟಿಸಿ. ಅಂಚೆಯಲ್ಲಿ ಕಳುಹಿಸುವುದಾದರೆ, ಲಕೋಟೆಯ ಬಲಮೇಲ್ಮೂಲೆಯ ಚೀಟಿಯ ಮೇಲೆ ಮುದ್ರೆಯ ಏಟು ಬೀಳುವುದರಿಂದ, ಉಬ್ಬಿದ ಭಾಗ ಎಡಕ್ಕೆ ಕೆಳಗೆ ಬರುವಂತೆ ಪತ್ರವನ್ನು ಒಳಗಿಡಿ.