ಗುಂಡಿ ಒತ್ತುವ ಮೊದಲಿನ 30 ಸೆಕೆಂಡು

ಕಾಸರಗೋಡಿನ ಉಪ್ಪಳದಿಂದ ಮನೆಗೆ ಹೊರಟಿದ್ದೆವು. ಸ್ಕೂಟರ್ ಭಾವನ ಕೈಯಲ್ಲಿ, ಹೆಲ್ಮೆಟ್ ನನ್ನ ತಲೆಯಲ್ಲಿ ಮಾತ್ರ. ಹೈವೇ ಬದಿಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. "ಎಡಾ, ವಂಡಿ ನಿರ್ತಡಾ!" ಮಲಯಾಳದಲ್ಲಿ, 'ಲೋ, ಗಾಡಿ ನಿಲ್ಸೋ' ಅಂತ.

ಭಾವನಿಗೆ 58 ವರ್ಷ. ಸಿಟ್ಟು ಬಂದದ್ದು ಅಡ್ಡ ಹಾಕಿದ್ದಕ್ಕಲ್ಲ, ಆ 'ಎಡಾ'ಕ್ಕೆ. ದನಿ ಏರಿಸಿದರು. ಆಗ ಪೊಲೀಸಿನವರು ಎದೆ ಮೇಲಿದ್ದ ಪುಟ್ಟ ಪೆಟ್ಟಿಗೆಯ ಗುಂಡಿ ಒತ್ತಿದರು. ಬೀಪ್ ಅಂತು, ಕೆಂಪು ದೀಪ ಹತ್ತಿತು.

ಈ ಬಾಡಿ ಕ್ಯಾಮೆರಾ ಗುಂಡಿ ಒತ್ತುವ ಮೊದಲೂ ಸುಮ್ನೆ ಕೂತಿರುವುದಿಲ್ಲ. ಆನ್ ಆಗಿದ್ದರೆ ನೋಡುತ್ತಲೇ ಇರುತ್ತದೆ, ಹಳೆಯದನ್ನು ಅಳಿಸುತ್ತಾ ಹೊಸದನ್ನು ತುಂಬಿಕೊಳ್ಳುತ್ತದೆ. ಒತ್ತಿದ ಕೂಡಲೇ ಹಿಂದಿನ ತುಣುಕೂ ವಿಡಿಯೋಗೆ ಸೇರುತ್ತದೆ. ಬಹಳ ಕ್ಯಾಮೆರಾಗಳಲ್ಲಿ ಅದು 30 ಸೆಕೆಂಡು. ಆದರೆ ಆ ತುಣುಕಿಗೆ ಸಾಮಾನ್ಯವಾಗಿ ದನಿ ಇರುವುದಿಲ್ಲ. ಪೊಲೀಸರ ಖಾಸಗಿ ಮಾತು ಸಿಕ್ಕಿಬೀಳಬಾರದಲ್ಲ! ನಮ್ಮ ಪ್ರಸಂಗ ಅದರಲ್ಲಿ ಹೇಗೆ ಕಂಡೀತು ನೋಡಿ. ಮೊದಲು ಮೂಕಿ ಸಿನಿಮಾ. ಬೀಪ್ ಆದಮೇಲೆ ಕೇಳುವ ಮೊದಲ ದನಿಯೇ ಭಾವನ ಕೂಗು. 'ಎಡಾ' ಎಲ್ಲೂ ಇಲ್ಲ.

ಇನ್ನು ಲೆನ್ಸು. ಅದಕ್ಕೆ ಎದುರಿನವರ ಮುಖ, ಕೈ ಎಲ್ಲ ಕಾಣುತ್ತದೆ, ಹಾಕಿಕೊಂಡವರು ಮಾತ್ರ ಕಾಣುವುದಿಲ್ಲ. 2019ರಲ್ಲಿ ಅಮೆರಿಕದ ಸಂಶೋಧಕರು ಎದೆಯ ಕ್ಯಾಮೆರಾ ಮತ್ತು ಪೊಲೀಸರೂ ಕಾಣುವ ಕಾರಿನ ಕ್ಯಾಮೆರಾದ ವಿಡಿಯೋಗಳನ್ನು ಜನರಿಗೆ ತೋರಿಸಿದರು. ಎದೆಯ ವಿಡಿಯೋ ನೋಡಿದವರು 'ಪೊಲೀಸರು ಬೇಕಂತಲೇ ಮಾಡಿದರು' ಎಂದದ್ದು ಕಡಿಮೆ. ಕಾಣದವರ ಮೇಲೆ ತಪ್ಪು ಹೊರಿಸುವುದು ಕಷ್ಟ.

ಹಾಗಂತ ಕ್ಯಾಮೆರಾ ವ್ಯರ್ಥ ಅಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾದ ರಿಯಾಲ್ಟೊ ಎಂಬ ಊರಿನಲ್ಲಿ ಒಂದು ವರ್ಷ ಪ್ರಯೋಗ ನಡೆಯಿತು. ಪೊಲೀಸರ ಮೇಲಿನ ದೂರು 24ರಿಂದ 3ಕ್ಕೆ ಇಳಿಯಿತು. ಎಲ್ಲರೂ ಕುಣಿದರು. ಆಮೇಲೆ ವಾಷಿಂಗ್ಟನ್ ನಗರದಲ್ಲಿ 2,000ಕ್ಕೂ ಹೆಚ್ಚು ಪೊಲೀಸರನ್ನು ಸೇರಿಸಿ ಪರೀಕ್ಷೆ ಮಾಡಿದರು. 2017ರಲ್ಲಿ ಫಲಿತಾಂಶ ಬಂದಾಗ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ!

2016ರ ಒಂದು ಅಧ್ಯಯನ ಇದಕ್ಕೆ ಸುಳಿವು ಕೊಡುತ್ತದೆ. ಮಾತು ಶುರುವಾಗುವ ಮೊದಲೇ ರೆಕಾರ್ಡಿಂಗ್ ಹಾಕಿ, ಎದುರಿನವರಿಗೆ ಹೇಳಿ, ಕೊನೆವರೆಗೂ ನಿಲ್ಲಿಸದೆ ಬಿಟ್ಟಲ್ಲಿ ಪೊಲೀಸರ ಬಲಪ್ರಯೋಗ ಶೇಕಡಾ 37 ಕಡಿಮೆಯಾಗಿತ್ತು. ತಮಗೆ ಬೇಕೆನಿಸಿದಾಗ ಗುಂಡಿ ಒತ್ತಿದಲ್ಲಿ ಶೇಕಡಾ 71 ಜಾಸ್ತಿ. ನಮ್ಮ ಬೀಪ್ ಬಂದದ್ದೂ ಜಗಳ ಹತ್ತಿಕೊಂಡ ಮೇಲೆಯೇ ಅಲ್ವಾ?

ಜನರನ್ನು 'ಎಡಾ', 'ಎಡೀ', 'ನೀ' ಎನ್ನಬೇಡಿ ಎಂದು ಕೇರಳ ಹೈಕೋರ್ಟ್ ಪೊಲೀಸರಿಗೆ 2021ರಲ್ಲೇ ಹೇಳಿದೆ. ಅದು ಮಲಯಾಳದ ಮಟ್ಟಿಗೆ ಆಯಿತು. ನಮ್ಮ ಕಾಸರಗೋಡಿನಲ್ಲಿ ಇನ್ನೂ ಒಂದು ತಾಪತ್ರಯ ಉಂಟು. ತುಳುವಿನಲ್ಲಿ 'ಈ' ಎಂದರೆ ನೀನು, 'ಈರ್' ಎಂದರೆ ನೀವು. ನಡುವೆ ಇರುವುದು ಒಂದು 'ರ್' ಮಾತ್ರ. ಮೈಕಿಗೆ ಹೈವೇ ಗಾಳಿ ಹೊಡೆದರೆ ಅದು ಮಾಯ. ಮತ್ತೆ, ವಿಡಿಯೋ ಕೇಳಿ ಬರೆದುಕೊಳ್ಳುವವರಿಗೆ ತುಳು ಬರಬೇಕು, ಕನ್ನಡವೂ ಬರಬೇಕು.

ಭಾವನ ಮೊಬೈಲಿಗೆ ಚಲನ್ ಬಂತು, 500 ರೂಪಾಯಿ. ಜೊತೆಗೊಂದು ಫೋಟೋ. ಬೋಳು ತಲೆ ಸ್ಪಷ್ಟವಾಗಿ ಬಂದಿತ್ತು.