ಕೋಶ ಕಲಬುರಗಿಯಲ್ಲಿ, ಫ್ಲೋ ಸೈಟೋಮೀಟರ್ ಬೆಂಗಳೂರಿನಲ್ಲಿ: ಸ್ಯಾಂಪಲ್ ಒಯ್ಯುವುದು ಹೇಗೆ?

ಓದುಗರ ಪ್ರಶ್ನೆ: ಕಲಬುರಗಿಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಒಂದು ಗಿಡದ ಸಾರ ಕ್ಯಾನ್ಸರ್ ಕೋಶಗಳ ಮೇಲೆ ಏನು ಮಾಡುತ್ತದೆ ಎಂದು ನೋಡಬೇಕಿದೆ. ನಮ್ಮಲ್ಲಿ ಸೆಲ್ ಕಲ್ಚರ್ ಸೌಕರ್ಯ ಇದೆ, ಫ್ಲೋ ಸೈಟೋಮೀಟರ್ (ಬಣ್ಣ ಹಚ್ಚಿದ ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಅಳೆಯುವ ಯಂತ್ರ) ಇಲ್ಲ. ಬೆಂಗಳೂರಿನ ಹಂಚಿಕೆಯ ಲ್ಯಾಬಿನಲ್ಲಿ ಮಾಡಿಸಬಹುದೇ? ಸ್ಯಾಂಪಲ್ ದಾರಿಯಲ್ಲಿ ಹಾಳಾಗುವುದಿಲ್ಲವೇ?

ಮಾಡಿಸಬಹುದು. ಹಾಳಾಗುವುದೂ ಬಿಡುವುದೂ ನೀವು ಯಾವ ಪರೀಕ್ಷೆ ಆರಿಸಿಕೊಳ್ಳುತ್ತೀರಿ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಪ್ರಯಾಣದ ಅವಧಿಯನ್ನು ಮೊದಲು ಲೆಕ್ಕ ಹಾಕಿ, ಪರೀಕ್ಷೆಯನ್ನು ಆಮೇಲೆ ಆರಿಸಿ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡಿ, ಸತ್ತ ಕೋಶಗಳನ್ನು ಐಸ್ ಬಾಕ್ಸಿನಲ್ಲಿ ಹೊತ್ತು ತರುತ್ತಾರೆ.

ಮೆಷಿನ್ ಎಲ್ಲಿದೆ ಎಂದು ಹುಡುಕಲು ಐ-ಸ್ಟೆಮ್ ಪೋರ್ಟಲ್ ಇದೆ. 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಶುರುವಾದ ಇದರಲ್ಲಿ, ಸರ್ಕಾರಿ ಹಣದಲ್ಲಿ ಕೊಂಡ ಉಪಕರಣಗಳು ದೇಶದಲ್ಲಿ ಎಲ್ಲೆಲ್ಲಿವೆ ಎಂದು ನೋಡಿ ಸಮಯ ಕೇಳಬಹುದು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಸೈಫ್ ಎಂಬ ಹಂಚಿಕೆಯ ಉಪಕರಣ ಕೇಂದ್ರಗಳು ಇನ್ನೂ ಹಳೆಯವು, ಆ ಯೋಜನೆ 1974ರದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಒಂದು ಸೈಫ್ ಇದೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಕ್ಯಾಂಪಸ್ಸುಗಳಲ್ಲಿ ಫ್ಲೋ ಸೌಲಭ್ಯವಿದೆ. ಕಾಲೇಜಿನವರಿಗೆ ಒಂದು ದರ, ಕಂಪನಿಗಳಿಗೆ ಇನ್ನೊಂದು ದರ ಇರುವುದು ವಾಡಿಕೆ. ಮೇಲೆ ಜಿಎಸ್‌ಟಿ ಬೀಳುತ್ತದೆಯೇ ಎಂದು ಕೇಳಿಕೊಂಡೇ ಗೈಡ್ ಹತ್ತಿರ ಸಹಿ ಹಾಕಿಸಿ.

ಸ್ಲಾಟ್ ಕೇಳುವ ಮೊದಲ ಇ-ಮೇಲಿನಲ್ಲೇ ನಾಲ್ಕು ಸಂಗತಿ ಬರೆಯಿರಿ: ಯಾವ ಕೋಶ, ಯಾವ ಬಣ್ಣ, ಎಷ್ಟು ಟ್ಯೂಬ್, ಕೋಶಗಳು ಜೀವಂತವೋ ಫಿಕ್ಸ್ ಮಾಡಿದವೋ (ಅಂದರೆ ರಾಸಾಯನಿಕದಿಂದ ಕೊಂದು ಇದ್ದಂತೆಯೇ ಕಾಪಿಟ್ಟವೋ). ಆಪರೇಟರ್‌ಗೆ ಮೊದಲು ಬೇಕಾದದ್ದು ಬಣ್ಣದ ಹೆಸರು. 488 ನ್ಯಾನೋಮೀಟರಿನ ನೀಲಿ ಲೇಸರ್ ಒಂದೇ ಇರುವ ಮೆಷಿನ್ನಿಗೆ ಎಪಿಸಿ ಬಣ್ಣ ಒಯ್ದರೆ ಏನೂ ಕಾಣುವುದಿಲ್ಲ, ಅದಕ್ಕೆ 640ರ ಆಸುಪಾಸಿನ ಕೆಂಪು ಲೇಸರ್ ಬೇಕು. ಜಿಎಫ್‌ಪಿ ಎಂಬ ಹಸಿರು ಹೊಳೆಯುವ ಪ್ರೋಟೀನ್ ಇರುವ ಕೋಶಕ್ಕೆ, ಹಸಿರಾಗಿಯೇ ಹೊಳೆಯುವ ಎಫ್‌ಐಟಿಸಿ ಬಣ್ಣ ಹಚ್ಚಿದರೆ ಎರಡೂ ಒಂದೇ ಡಿಟೆಕ್ಟರಿಗೆ ಬಿದ್ದು ಯಾವುದು ಯಾವುದೆಂದು ತಿಳಿಯುವುದಿಲ್ಲ. ರೋಗಿಯ ರಕ್ತವಾದರೆ ಎಥಿಕ್ಸ್ ಕಮಿಟಿಯ ಪತ್ರ ಬೇಕು, ಫಿಕ್ಸ್ ಮಾಡದ ರಕ್ತವನ್ನು ಹಲವು ಕಡೆ ಒಳಗೇ ಬಿಡುವುದಿಲ್ಲ.

ಈಗ ಪರೀಕ್ಷೆಗೆ ಬರೋಣ. ಎಲ್ಲರೂ ಮೊದಲು ಕೇಳುವುದು ಅನೆಕ್ಸಿನ್-ವಿ. ಕೋಶ ಸಾಯಲು ಹೊರಟಾಗ ಅದರ ಪೊರೆಯ ಒಳಮೈಯ ಒಂದು ಲಿಪಿಡ್ ಹೊರಮೈಗೆ ಬರುತ್ತದೆ, ಬಣ್ಣ ಕಟ್ಟಿದ ಅನೆಕ್ಸಿನ್ ಎಂಬ ಪ್ರೋಟೀನ್ ಹೋಗಿ ಅಂಟುವುದು ಅದಕ್ಕೆ. ಬಣ್ಣ ಹಾಕಿದ ಒಂದು ಗಂಟೆಯೊಳಗೆ ಮೆಷಿನ್ನಿಗೆ ಕೊಡಬೇಕು. ರಾತ್ರಿಯಿಡೀ ರೈಲಿನಲ್ಲಿ ಕೂತ ಜೀವಂತ ಕೋಶಗಳು ನಿಮ್ಮ ಔಷಧಿಯಿಲ್ಲದೆಯೂ ಸಾಯತೊಡಗುತ್ತವೆ, ಕಂಟ್ರೋಲ್ ಟ್ಯೂಬಿನಲ್ಲೇ ಸಾವು ಕಂಡ ಮೇಲೆ ಉಳಿದ ಟ್ಯೂಬುಗಳಿಗೆ ಅರ್ಥವಿಲ್ಲ. ಅನೆಕ್ಸಿನ್ ಬೇಕೇ ಬೇಕೆಂದಿದ್ದರೆ ಫ್ಲಾಸ್ಕಿನಲ್ಲಿ ಕೋಶಗಳನ್ನೇ ಒಯ್ದು, ಬೆಂಗಳೂರಿನ ಪರಿಚಯದ ಲ್ಯಾಬಿನ ಇನ್‌ಕ್ಯುಬೇಟರಿನಲ್ಲಿ ಒಂದು ದಿನ ಸುಧಾರಿಸಿಕೊಳ್ಳಲು ಬಿಟ್ಟು, ಔಷಧಿಯನ್ನು ಅಲ್ಲಿಯೇ ಹಾಕಬೇಕು. ಇನ್ನೊಂದು ಎಚ್ಚರ: ಅನೆಕ್ಸಿನ್ ಅಂಟಲು ಕ್ಯಾಲ್ಸಿಯಂ ಬೇಕು. ಕೋಶಗಳನ್ನು ಫ್ಲಾಸ್ಕಿನಿಂದ ಬಿಡಿಸಲು ಹಾಕುವ ಟ್ರಿಪ್ಸಿನ್ ಜೊತೆಗಿನ ಇಡಿಟಿಎ ಆ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವುದರಿಂದ ಚೆನ್ನಾಗಿ ತೊಳೆಯಿರಿ.

ದೂರದವರಿಗೆ ಒಪ್ಪುವುದು ಕೋಶಚಕ್ರದ ಪರೀಕ್ಷೆ, ಅಂದರೆ ಪ್ರೊಪಿಡಿಯಂ ಅಯೊಡೈಡ್ ಎಂಬ ಬಣ್ಣ ಹಾಕಿ ಪ್ರತಿ ಕೋಶದ ಡಿಎನ್‌ಎ ಅಳೆಯುವುದು. ಇದರಲ್ಲಿ ಕೋಶಗಳನ್ನು ಎಥನಾಲಿನಲ್ಲಿ ಫಿಕ್ಸ್ ಮಾಡಿ ಮೈನಸ್ 20 ಡಿಗ್ರಿಯಲ್ಲಿ ವಾರಗಟ್ಟಲೆ ಇಡಬಹುದು. ಪ್ರಯೋಗವನ್ನು ಮೂರು ವಾರದಲ್ಲಿ ಮೂರು ಸಲ ಮಾಡಿ, ಮೂರೂ ಸಲದ ಟ್ಯೂಬುಗಳನ್ನು ಕೂಡಿಟ್ಟು, ಒಂದೇ ಪ್ರಯಾಣದಲ್ಲಿ ಒಂದೇ ಸ್ಲಾಟಿನಲ್ಲಿ ಓಡಿಸಬಹುದು.

ಕೆಲಸ ಕೆಡುವ ಜಾಗ ಎಥನಾಲ್ ಹಾಕುವ ಆ ಅರ್ಧ ನಿಮಿಷ. ಟ್ಯೂಬಿಗೆ 20 ಲಕ್ಷ ಕೋಶ ಇಟ್ಟುಕೊಳ್ಳಿ, ತೊಳೆಯುವಾಗ ಕಳೆದುಹೋಗುವುದು ಇದ್ದೇ ಇದೆ. ಸೆಂಟ್ರಿಫ್ಯೂಜಿನಲ್ಲಿ 300 ಜಿ ವೇಗದಲ್ಲಿ 5 ನಿಮಿಷ ತಿರುಗಿಸಿ, ಅರ್ಧ ಮಿ.ಲೀ. ತಣ್ಣನೆಯ ಪಿಬಿಎಸ್‌ನಲ್ಲಿ (ಕೋಶಕ್ಕೆ ಹೊಂದುವ ಉಪ್ಪಿನ ದ್ರಾವಣ) ಬಿಡಿಬಿಡಿಯಾಗುವಂತೆ ಕದಡಿ. ಟ್ಯೂಬನ್ನು ವೋರ್ಟೆಕ್ಸಿನ (ಟ್ಯೂಬ್ ಕದಡುವ ಯಂತ್ರ) ಮೇಲೆ ಮೆಲ್ಲಗೆ ತಿರುಗಲು ಬಿಟ್ಟು, ತಣ್ಣನೆಯ 70% ಎಥನಾಲನ್ನು ಹನಿಹನಿಯಾಗಿ, ಒಟ್ಟು ನಾಲ್ಕೂವರೆ ಮಿ.ಲೀ. ಹಾಕಿ. ಒಮ್ಮೆಗೇ ಸುರಿದರೆ ಕೋಶಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಆ ಗಂಟು ಮತ್ತೆ ಬಿಚ್ಚುವುದಿಲ್ಲ. ಗಂಟು ಮೆಷಿನ್ನಿನ ಕೊಳವೆ ಕಟ್ಟಿಸುವುದು ಒಂದು ತೊಂದರೆ. ಅದಕ್ಕಿಂತ ಕೆಟ್ಟದ್ದು, ಡಿಎನ್‌ಎ ಇನ್ನೂ ಇಮ್ಮಡಿಯಾಗದ ಎರಡು ಜಿ1 ಕೋಶ ಜೋಡಿಯಾಗಿ ಲೇಸರ್ ದಾಟಿದರೆ ಡಿಎನ್‌ಎ ಎರಡರಷ್ಟಿರುವ ಒಂದು ಜಿ2 ಕೋಶದಂತೆ ಲೆಕ್ಕಕ್ಕೆ ಬರುತ್ತದೆ. ಔಷಧಿ ಕೋಶಗಳನ್ನು ಜಿ2ನಲ್ಲಿ ತಡೆಹಿಡಿದಿದೆ ಎಂಬ ಸುಳ್ಳು ಫಲಿತಾಂಶ ಹುಟ್ಟುವುದು ಹೀಗೆ. ಇಂಥ ಜೋಡಿಗಳನ್ನು, ಲೇಸರ್ ದಾಟುವಾಗ ಬರುವ ಪಲ್ಸಿನ ಅಗಲ ನೋಡಿ ತೆಗೆದುಹಾಕುವಂತೆ ಆಪರೇಟರ್‌ಗೆ ಹೇಳಿ.

70% ಎಥನಾಲ್ ಬೆಂಕಿ ಹಿಡಿಯುವ ವಸ್ತು, ಅದನ್ನು ರೈಲಿನಲ್ಲಿ ಒಯ್ಯುವಂತಿಲ್ಲ. ಹೊರಡುವ ಸಂಜೆ ಎಥನಾಲ್ ತೆಗೆದು, ಪಿಬಿಎಸ್‌ನಲ್ಲಿ ಒಂದು ಸಲ ತೊಳೆದು, ಹೊಸ ಪಿಬಿಎಸ್‌ನಲ್ಲಿ ಹಾಕಿ 4 ಡಿಗ್ರಿಯಲ್ಲಿ ಒಯ್ಯಿರಿ. ಎಥನಾಲಿನಿಂದ ಬಂದ ಕೋಶ ಹಗುರಾಗಿರುತ್ತದೆ, ಈಗ 300 ಜಿ ಸಾಲದು, 500ರಿಂದ 800 ಜಿ ಬೇಕು. ಟ್ಯೂಬಿನ ತಳದಲ್ಲಿ ಕೂತ ಕೋಶದ ಚುಕ್ಕೆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ದ್ರವವನ್ನು ಬಗ್ಗಿಸಿ ಚೆಲ್ಲದೆ ಪಿಪೆಟ್ಟಿನಿಂದಲೇ ತೆಗೆಯಿರಿ. ಪೆಟ್ಟಿಗೆಗೆ ಜೆಲ್ ಪ್ಯಾಕ್ ಸಾಕು, ಆದರೆ ಫ್ರೀಜರಿನಿಂದ ತೆಗೆದ ಪ್ಯಾಕಿಗೆ ಟ್ಯೂಬ್ ನೇರವಾಗಿ ತಾಗಿದರೆ ಪಿಬಿಎಸ್ ಹೆಪ್ಪುಗಟ್ಟಿ ಕೋಶ ಒಡೆಯುತ್ತದೆ. ನಡುವೆ ಒಂದು ದಪ್ಪ ಟವೆಲ್ ಸುತ್ತಿ.

ಬಣ್ಣ ಹಾಕುವುದು ಅಲ್ಲಿಗೆ ಹೋದ ಮೇಲೆ. ಮಿ.ಲೀ.ಗೆ 50 ಮೈಕ್ರೋಗ್ರಾಂ ಪ್ರೊಪಿಡಿಯಂ ಅಯೊಡೈಡ್, 100 ಮೈಕ್ರೋಗ್ರಾಂ ಆರ್‌ಎನ್ಏಸ್ (ಆರ್‌ಎನ್‌ಎ ಕತ್ತರಿಸುವ ಕಿಣ್ವ), 37 ಡಿಗ್ರಿಯಲ್ಲಿ ಕತ್ತಲಲ್ಲಿ 30 ನಿಮಿಷ. ಆರ್‌ಎನ್ಏಸ್ ಮರೆತರೆ ಬಣ್ಣ ಆರ್‌ಎನ್‌ಎಗೂ ಅಂಟಿ ಗ್ರಾಫಿನ ಶಿಖರಗಳು ಹರಡಿಕೊಳ್ಳುತ್ತವೆ. ಸೆಂಟ್ರಿಫ್ಯೂಜ್, 37 ಡಿಗ್ರಿಯ ಜಾಗ ಸಿಗುತ್ತದೆಯೇ ಎಂದು ಮುಂಚೆಯೇ ಕೇಳಿ, ಸ್ಲಾಟಿಗೆ ಎರಡು ಗಂಟೆ ಮೊದಲು ತಲುಪಿ. ಮೆಷಿನ್ನಿಗೆ ಕೊಡುವ ಮುನ್ನ 40 ಮೈಕ್ರಾನಿನ ಜಾಲರಿಯಲ್ಲಿ ಸೋಸಿ. ಕೊಳವೆ ಕಟ್ಟಿದರೆ ನಿಮ್ಮ ಸ್ಲಾಟ್ ಹೋಗುವುದಲ್ಲದೆ ನಂತರ ಕಾದು ಕೂತವರ ದಿನವೂ ಹೋಗುತ್ತದೆ.

ಸ್ಲಾಟಿನ ಅವಧಿ ಲೆಕ್ಕಕ್ಕೆ ಸಿಗುವಂಥದ್ದು. ಈ ಪರೀಕ್ಷೆಯನ್ನು ಕಡಿಮೆ ವೇಗದಲ್ಲೇ ಓಡಿಸಬೇಕು, ಇಲ್ಲವಾದರೆ ಶಿಖರ ಅಗಲವಾಗುತ್ತದೆ. ನಿಮಿಷಕ್ಕೆ 12 ಮೈಕ್ರೋಲೀಟರ್ ಎಳೆಯುವ ಮೆಷಿನ್, ಮಿ.ಲೀ.ಗೆ 10 ಲಕ್ಷ ಕೋಶ ಇದ್ದರೆ, ನಿಮಿಷಕ್ಕೆ 12,000 ಕೋಶ ನೋಡುತ್ತದೆ. 20,000 ಬೇಕಾದರೆ ಎರಡು ನಿಮಿಷದೊಳಗೆ ಮುಗಿಯಿತು. ಕೋಶ ಹತ್ತರಲ್ಲೊಂದು ಭಾಗಕ್ಕೆ ಇಳಿದಿದ್ದರೆ ಅದೇ ಕೆಲಸಕ್ಕೆ ಟ್ಯೂಬಿಗೆ 17 ನಿಮಿಷ! 12 ಟ್ಯೂಬಿಗೆ ಅರ್ಧ ದಿನ, ಅಷ್ಟಕ್ಕೂ ಬಿಲ್ ಬೀಳುತ್ತದೆ. ಹೊರಡುವ ಮೊದಲು ಹೀಮೋಸೈಟೋಮೀಟರಿನಲ್ಲಿ ಎಣಿಸಿ ಟ್ಯೂಬಿನ ಮೇಲೇ ಬರೆಯಿರಿ.

ಗಿಡದ ಸಾರದ ಪ್ರಯೋಗದಲ್ಲಿ ಬಹಳಷ್ಟು ಜನ ಬಿಟ್ಟುಬಿಡುವ ಟ್ಯೂಬ್ ಒಂದಿದೆ: ಸಾರ ಹಾಕಿದ, ಆದರೆ ಬಣ್ಣ ಹಾಕದ ಕೋಶಗಳು. ಹಸಿರೆಲೆಯ ಕ್ಲೋರೊಫಿಲ್ ಕೆಂಪಗೆ ಹೊಳೆಯುತ್ತದೆ. ಅರಿಶಿನದ ಕರ್ಕ್ಯುಮಿನ್ ನೀಲಿ ಲೇಸರಿನಡಿ ಹಸಿರು ಹೊಳೆದು ಎಫ್‌ಐಟಿಸಿಯ ಜಾಗದಲ್ಲೇ ಬಂದು ಕೂರುತ್ತದೆ. ಅರಿಶಿನದ ಸಾರ ಹಾಕಿ ಅನೆಕ್ಸಿನ್-ಎಫ್‌ಐಟಿಸಿ ಮಾಡಿದರೆ, ಆ ಹೊಳಪನ್ನೇ ಕೋಶದ ಸಾವೆಂದು ಓದಿಬಿಡಬಹುದು. ಈ ಒಂದು ಟ್ಯೂಬಿಲ್ಲದ ಫಲಿತಾಂಶವನ್ನು ನಾವಂತೂ ನಂಬುವುದಿಲ್ಲ. ಏನೂ ಹಾಕದ ಕೋಶ, ಸಾರ ಕರಗಿಸಿದ ದ್ರಾವಕ ಮಾತ್ರ ಹಾಕಿದ ಕೋಶ, ಎರಡು ಬಣ್ಣ ಬಳಸುವುದಾದರೆ ಒಂದೊಂದೇ ಬಣ್ಣದ ಟ್ಯೂಬ್, ಇವೂ ಇರಲಿ.

ಬರುವಾಗ ಪಿಡಿಎಫ್ ಚಿತ್ರ ಮಾತ್ರ ತರಬೇಡಿ. ಪ್ರತಿ ಟ್ಯೂಬಿನ ಮೂಲ ಎಫ್‌ಸಿಎಸ್ ಫೈಲ್ ಕೇಳಿ ಪಡೆಯಿರಿ, ಗೇಟ್ (ಯಾವ ಕೋಶಗಳನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಗ್ರಾಫಿನ ಮೇಲೆ ಹಾಕುವ ಗೆರೆ) ತಪ್ಪಾಗಿದ್ದರೆ ಊರಿನಲ್ಲೇ ಕೂತು ಮತ್ತೆ ಹಾಕಬಹುದು. ಡಿಟೆಕ್ಟರಿನ ವೋಲ್ಟೇಜ್ ಬರೆದುಕೊಳ್ಳಿ, ಮುಂದಿನ ಸಲ ಬೇರೆ ಆಪರೇಟರ್ ಇದ್ದರೂ ಅದೇ ಅಳತೆಯಲ್ಲಿ ಶುರು ಮಾಡಬಹುದು. ಪ್ರಬಂಧ ಅಚ್ಚಾದಾಗ ಆ ಸೌಲಭ್ಯದ ಹೆಸರನ್ನೂ ಮೆಷಿನ್ ಓಡಿಸಿದವರ ಹೆಸರನ್ನೂ ಕೃತಜ್ಞತೆಯಲ್ಲಿ ಸೇರಿಸಿ, ಒಂದು ಪ್ರತಿ ಅವರಿಗೆ ಕಳಿಸಿ. ವಾರ್ಷಿಕ ನಿರ್ವಹಣೆಯ ಹಣ ಕೇಳುವಾಗ ಹೊರಗಿನ ಎಷ್ಟು ಜನಕ್ಕೆ ಮೆಷಿನ್ ನೆರವಾಯಿತು ಎಂದು ತೋರಿಸಲು ಅವರ ಕೈಯಲ್ಲಿರುವ ಪುರಾವೆ ಅದು.