ಕಿರಣ್ ಬೇಡಿ ದೆಹಲಿ ಪೊಲೀಸ್ ಕಮಿಷನರ್ ಯಾಕೆ ಆಗಲಿಲ್ಲ?

ಪ್ರಶ್ನೆ: ಕಿರಣ್ ಬೇಡಿ ದೇಶದ ಮೊದಲ ಮಹಿಳಾ ಐಪಿಎಸ್ ಅಧಿಕಾರಿ. ಮ್ಯಾಗ್ಸೆಸೆ ಪ್ರಶಸ್ತಿ ಬೇರೆ ಬಂದಿದೆ. ಆದರೂ ಅವರು ದೆಹಲಿ ಪೊಲೀಸ್ ಕಮಿಷನರ್ ಆಗಲಿಲ್ಲ. ಇಂದಿರಾ ಗಾಂಧಿಯವರ ಕಾರನ್ನು ಕ್ರೇನ್‌ನಲ್ಲಿ ಎತ್ತಿಸಿದ್ದಕ್ಕೆ ಸೇಡು ತೀರಿಸಿಕೊಂಡರು ಅಂತಾರೆ. ನಿಜಾನಾ?

ಕ್ರೇನ್ ಕಥೆ ಕೇಳಲು ಚೆನ್ನಾಗಿದೆ. ಅದಕ್ಕೇ ನಾಲ್ಕು ದಶಕದಿಂದ ಓಡುತ್ತಿದೆ. ಆದರೆ ಲೆಕ್ಕ ನೋಡಿ. ಕಾರು ಎತ್ತಿದ್ದು 1982ರಲ್ಲಿ. ಕಮಿಷನರ್ ಹುದ್ದೆ ಕೈತಪ್ಪಿದ್ದು 2007ರಲ್ಲಿ. ನಡುವೆ 25 ವರ್ಷ. ಇಂದಿರಾ ಗಾಂಧಿ 1984ರಲ್ಲೇ ತೀರಿಕೊಂಡಿದ್ದರು. ಅಷ್ಟು ವರ್ಷ ಬೂದಿ ಮುಚ್ಚಿದ ಕೆಂಡದಂತೆ ಇರುವ ಸೇಡು ಸರ್ಕಾರಿ ಕಚೇರಿಗಳಲ್ಲಿ ಅಪರೂಪ. ಅಲ್ಲಿ ಕೆಲಸ ಮಾಡುವುದು ಬೇರೆ ಸಂಗತಿ: ಹಳೇ ಫೈಲು. ಬೇಡಿಯವರ ಫೈಲಿನಲ್ಲಿ ಕಾರಿಗಿಂತ ಭಾರವಾದ ಇನ್ನೊಂದು ವಿಷಯ ಇತ್ತು. ಅದಕ್ಕೆ ಬರುತ್ತೇನೆ.

ಮೊದಲು ಕಾರಿನ ವಿಷಯ ಮುಗಿಸಿಬಿಡೋಣ. ದೆಹಲಿ ಆಗ ಏಷ್ಯನ್ ಗೇಮ್ಸ್‌ಗೆ ತಯಾರಾಗುತ್ತಿತ್ತು. ಬೇಡಿ ಸಂಚಾರ ವಿಭಾಗದ ಡಿಸಿಪಿ. ನಿಲ್ಲಿಸಬಾರದ ಕಡೆ ನಿಲ್ಲಿಸಿದ ಗಾಡಿಗಳನ್ನು ಕ್ರೇನ್ ತಂದು ಎತ್ತಿಸುತ್ತಿದ್ದರು. ಜನ ಅವರನ್ನು ‘ಕ್ರೇನ್ ಬೇಡಿ’ ಎಂದೇ ಕರೆದರು. ಒಂದು ದಿನ ಕನಾಟ್ ಪ್ಲೇಸ್ ಬಳಿ ಪ್ರಧಾನಿ ಕಚೇರಿಗೆ ಸೇರಿದ ಅಂಬಾಸಿಡರ್ ಕಾರೂ ಹೋಯಿತು. ಇಂದಿರಾ ಅದರಲ್ಲಿ ಇರಲಿಲ್ಲ. ಅವರು ಅಮೆರಿಕ ಪ್ರವಾಸದಲ್ಲಿದ್ದರು. ಕಾರಿಗೆ ಚೀಟಿ ಹಾಕಿ ಎತ್ತಿಸಿದವರು ಒಬ್ಬ ಸಬ್ ಇನ್ಸ್‌ಪೆಕ್ಟರ್. ಬೇಡಿ ಮಾಡಿದ್ದು ಏನೆಂದರೆ, ಆ ಸಬ್ ಇನ್ಸ್‌ಪೆಕ್ಟರ್‌ನ ಬೆನ್ನಿಗೆ ನಿಂತರು. ನನ್ನ ಲೆಕ್ಕದಲ್ಲಿ ಕಾರು ಎತ್ತುವುದಕ್ಕಿಂತ ಇದೇ ದೊಡ್ಡದು. ಮೇಲಿನಿಂದ ಫೋನ್ ಬಂದ ತಕ್ಷಣ ಕೆಳಗಿನವನನ್ನು ಸಸ್ಪೆಂಡ್ ಮಾಡಿ ಕೈತೊಳೆದುಕೊಳ್ಳುವ ಅಧಿಕಾರಿಗಳೇ ಜಾಸ್ತಿ ಅಲ್ವಾ.

ಮರುವರ್ಷ ಅವರನ್ನು ಗೋವಾಕ್ಕೆ ಹಾಕಿದರು. ಮಗಳಿಗೆ ಆಗ ಹುಷಾರಿರಲಿಲ್ಲ. ವರ್ಗಾವಣೆ ಸ್ವಲ್ಪ ಮುಂದೂಡಿ ಎಂದು ಕೇಳಿಕೊಂಡರೂ ಆಗಲಿಲ್ಲ. ಇದು ಶಿಕ್ಷೆ ಅಂತಲೇ ಅವರ ಅಭಿಮಾನಿಗಳು ಹೇಳುತ್ತಾರೆ, ಇರಬಹುದು. ಆದರೆ ಅವರದ್ದು ದೆಹಲಿ, ಗೋವಾ, ಮಿಜೋರಾಂ, ಅರುಣಾಚಲ ಎಲ್ಲ ಸೇರಿದ ಕೇಡರ್, ಅಂದರೆ ಈ ಜಾಗಗಳಲ್ಲೆಲ್ಲ ಕೆಲಸ ಮಾಡಬೇಕಾದ ಅಧಿಕಾರಿಗಳ ಗುಂಪು. ದೆಹಲಿ ಬಿಟ್ಟು ಹೊರಗೆ ಹೋಗುವ ಸರದಿ ಅಲ್ಲಿ ಎಲ್ಲರಿಗೂ ಬರುತ್ತದೆ. ಸುಮಾರು ಮೂರು ವರ್ಷದಲ್ಲಿ ಅವರು ಮತ್ತೆ ದೆಹಲಿಯಲ್ಲಿ ಉತ್ತರ ಜಿಲ್ಲೆಯ ಡಿಸಿಪಿ ಆಗಿದ್ದರು. ಸೇಡು ತೀರಿಸಿಕೊಳ್ಳುವವರು ಅಂಥ ಜಿಲ್ಲೆ ಕೊಡುವುದಿಲ್ಲ.

ಗೋವಾದ ಒಂದು ಪ್ರಸಂಗ ಮಾತ್ರ ಬಿಡುವಂತಿಲ್ಲ. ಜುವಾರಿ ನದಿಯ ಮೇಲೆ ಹೊಸ ಸೇತುವೆ ಸಿದ್ಧವಾಗಿತ್ತು. ಉದ್ಘಾಟನೆಗೆ ದೊಡ್ಡವರ ದಿನಾಂಕಕ್ಕಾಗಿ ಕಾಯುತ್ತಿದ್ದರು. ಜನ ಪಕ್ಕದಲ್ಲೇ ಫೆರ್ರಿಗೆ ಕ್ಯೂ ನಿಲ್ಲುತ್ತಿದ್ದರು. ಬೇಡಿ ಅಡ್ಡಗಟ್ಟೆ ತೆಗೆಸಿ ಗಾಡಿಗಳನ್ನು ಸೇತುವೆಯ ಮೇಲೆ ಬಿಟ್ಟುಬಿಟ್ಟರು. ಜನರಿಗೆ ಖುಷಿ, ಮಂತ್ರಿಗಳಿಗೆ ಮುಖಭಂಗ. ಕೊನೆಗೆ ಮಗಳ ಕಾರಣಕ್ಕೆ ರಜೆ ಮಂಜೂರಾಗುವ ಮೊದಲೇ ದೆಹಲಿಗೆ ಹೊರಟುಬಂದರು. ಅವರ ಇಡೀ ವೃತ್ತಿಯ ನಕ್ಷೆ ಈ ಎರಡು ಘಟನೆಗಳಲ್ಲೇ ಇದೆ. ಜನರ ಪರವಾಗಿ ನಿಯಮ ಬದಿಗಿಟ್ಟರು, ತಮಗಾಗಿಯೂ ಬದಿಗಿಟ್ಟರು. ಎರಡನ್ನೂ ಬಚ್ಚಿಡಲಿಲ್ಲ.

ಈಗ ನಿಜವಾದ ಭಾರಕ್ಕೆ ಬರೋಣ. 1988ರ ಜನವರಿ, ಬೇಡಿ ಡಿಸಿಪಿ ಆಗಿದ್ದ ಉತ್ತರ ದೆಹಲಿಯ ತೀಸ್ ಹಜಾರಿ ಕೋರ್ಟ್.

ದೆಹಲಿ ವಿಶ್ವವಿದ್ಯಾಲಯದ ಒಂದು ಕಾಲೇಜಿನಲ್ಲಿ ಕಳ್ಳತನದ ಆರೋಪದ ಮೇಲೆ ಒಬ್ಬ ವಕೀಲನನ್ನು ವಿದ್ಯಾರ್ಥಿಗಳು ಹಿಡಿದುಕೊಟ್ಟರು. ಪೊಲೀಸರು ಅವನಿಗೆ ಕೈಕೋಳ ಹಾಕಿ ಕೋರ್ಟಿಗೆ ತಂದರು. ಅಲ್ಲಿ ಕಿಡಿ ಹೊತ್ತಿತು. ಸುಮ್ನೆ ವಕೀಲರ ಒಣ ಜಂಭ ಅಂತ ತಳ್ಳಿಹಾಕಬೇಡಿ. ಆರೋಪಿಗಳಿಗೆಲ್ಲ ಮಾಮೂಲಿಯಾಗಿ ಕೋಳ ತೊಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿತ್ತು. ಓಡಿಹೋಗುವ ಅಪಾಯ ಇದೆ ಎಂದು ಪೊಲೀಸರು ಕಾರಣ ಕೊಡಬೇಕಿತ್ತು. ಅದೂ ದೆಹಲಿ ಆಡಳಿತದ ವಿರುದ್ಧದ ಪ್ರಕರಣದಲ್ಲೇ ಬಂದ ತೀರ್ಪು.

ವಕೀಲರು ಕೆಲಸ ನಿಲ್ಲಿಸಿದರು. ಬೇಡಿ ತಮ್ಮ ಸಿಬ್ಬಂದಿಯನ್ನು ಬಿಟ್ಟುಕೊಡಲಿಲ್ಲ. ಕ್ರೇನ್ ಪ್ರಸಂಗದಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡಿದರು ಎನ್ನಬಹುದು, ಆದರೆ ಈ ಸಲ ಕಾನೂನು ಅವರ ಕಡೆ ಇರಲಿಲ್ಲ. ಜನವರಿ 21ರಂದು ವಕೀಲರ ಗುಂಪು ಅವರ ಕಚೇರಿ ಮುಂದೆ ಸೇರಿತು. ಲಾಠಿ ಪ್ರಹಾರ ನಡೆಯಿತು, ವಕೀಲರಿಗೆ ಪೆಟ್ಟಾಯಿತು. ಫೆಬ್ರವರಿ 17ರಂದು ದೊಡ್ಡ ಗುಂಪೊಂದು ಕೋರ್ಟ್ ಆವರಣಕ್ಕೆ ನುಗ್ಗಿ ವಕೀಲರ ಕೊಠಡಿಗಳ ಮೇಲೆ ಕಲ್ಲು ತೂರಿತು. ಈ ಗುಂಪಿಗೆ ಪೊಲೀಸರ ಕುಮ್ಮಕ್ಕು ಇತ್ತು ಎಂದು ವಕೀಲರು ದೂರಿದರು. ಬೇಡಿ ಅಲ್ಲಗಳೆದರು.

ವಿಚಾರಣೆಗೆ ಇಬ್ಬರು ನ್ಯಾಯಮೂರ್ತಿಗಳ ಸಮಿತಿ ಕೂತಿತು. ವಾಧ್ವಾ ಸಮಿತಿ ಎಂದು ಹೆಸರಾಯಿತು. ಬೇಡಿಯವರನ್ನು ಆ ಜಿಲ್ಲೆಯಿಂದ ಎತ್ತಂಗಡಿ ಮಾಡಿ ಮಾದಕವಸ್ತು ನಿಯಂತ್ರಣ ಬ್ಯೂರೋಗೆ ಕಳಿಸಿದರು. ಸಮಿತಿಯ ವರದಿ ಅವರ ವಿರುದ್ಧವೇ ಬಂತು. ಲಾಠಿ ಪ್ರಹಾರಕ್ಕೆ ಸಮರ್ಥನೆ ಇರಲಿಲ್ಲ ಎಂದಿತು. ಪತ್ರಿಕೆಯಲ್ಲಿ ಯಾರೋ ಬರೆದ ಟೀಕೆಯಾಗಿದ್ದರೆ ನಾಲ್ಕು ದಿನದಲ್ಲಿ ಮರೆತುಹೋಗುತ್ತಿತ್ತು. ನ್ಯಾಯಮೂರ್ತಿಗಳ ಸಮಿತಿಯ ಮಾತು ಹಾಗಲ್ಲ. ದೊಡ್ಡ ಹುದ್ದೆಗೆ ಹೆಸರು ಬಂದಾಗಲೆಲ್ಲ ಅದನ್ನು ತೆಗೆದು ತೋರಿಸಬಹುದು.

1988ರ ನಂತರ ಅವರಿಗೆ ಸಿಕ್ಕ ಕುರ್ಚಿಗಳನ್ನು ನೋಡಿದರೆ ಇದು ಗೊತ್ತಾಗುತ್ತದೆ. ಹೆಚ್ಚಾಗಿ ಜೈಲು, ತರಬೇತಿ, ಸಂಶೋಧನೆ. ಜನರ ಗುಂಪನ್ನು ನೇರವಾಗಿ ಎದುರಿಸುವ ಜಾಗಗಳು ಕಡಿಮೆಯಾದವು. 1990ರಲ್ಲಿ ಮಿಜೋರಾಂಗೆ ಹೋದರು. 1992ರಲ್ಲಿ ಮಗಳಿಗೆ ಮಿಜೋರಾಂ ಕೋಟಾದಲ್ಲಿ ದೆಹಲಿಯ ವೈದ್ಯಕೀಯ ಕಾಲೇಜಿನ ಸೀಟು ಸಿಕ್ಕಿದ್ದಕ್ಕೆ ಮಿಜೋರಾಂನ ವಿದ್ಯಾರ್ಥಿಗಳು ಬೀದಿಗಿಳಿದರು. ನಿಯಮದಲ್ಲಿ ಅವಕಾಶ ಇದೆ ಎಂಬುದು ಬೇಡಿಯವರ ವಾದ. ಬಡ ಗುಡ್ಡಗಾಡು ರಾಜ್ಯದ ಕೆಲವೇ ಸೀಟುಗಳಲ್ಲಿ ಒಂದು ಹೊರಗಿನ ಅಧಿಕಾರಿಯ ಮಗಳಿಗೆ ಹೋದರೆ ಅಲ್ಲಿನವರಿಗೆ ಹೊಟ್ಟೆ ಉರಿಯುವುದು ಸಹಜ. ಈ ವಿಷಯದಲ್ಲಿ ನನ್ನ ಮನಸ್ಸು ವಿದ್ಯಾರ್ಥಿಗಳ ಕಡೆಗೇ.

ತಮಾಷೆ ಎಂದರೆ, ಬದಿಗೆ ಸರಿಸಲು ಕೊಟ್ಟ ಕುರ್ಚಿಯಲ್ಲೇ ಅವರು ಜಗತ್ತಿಗೆಲ್ಲ ಗೊತ್ತಾದರು. 1993ರಲ್ಲಿ ತಿಹಾರ್ ಜೈಲಿನ ಐಜಿ ಆದರು. ಪೊಲೀಸರಲ್ಲಿ ಯಾರೂ ಆಸೆಪಟ್ಟು ಹೋಗುವ ಜಾಗವಲ್ಲ ಅದು. ಹಿಡಿಸಬಹುದಾದದ್ದಕ್ಕಿಂತ ಎಷ್ಟೋ ಪಟ್ಟು ಕೈದಿಗಳು. ಅದರಲ್ಲಿ ಬಹುಪಾಲು ವಿಚಾರಣೆಯೇ ಮುಗಿಯದವರು. ಬೇಡಿ ದಿನಾ ಒಳಗೆ ಓಡಾಡಿದರು. ಕೈದಿಗಳು ದೂರು ಬರೆದು ಹಾಕಲು ಪೆಟ್ಟಿಗೆ ಇಡಿಸಿದರು. ಓದು ಬಲ್ಲ ಕೈದಿಗಳಿಂದ ಓದು ಬಾರದವರಿಗೆ ಪಾಠ ಹೇಳಿಸಿದರು. ಬೀಡಿ ಸಿಗರೇಟು ನಿಲ್ಲಿಸಿದರು, ಅದಕ್ಕೆ ಬೈಗುಳವೂ ತಿಂದರು. 1994ರಲ್ಲಿ ಧ್ಯಾನ ಗುರು ಎಸ್.ಎನ್. ಗೋಯೆಂಕಾ ಅವರನ್ನು ಕರೆಸಿ ಸಾವಿರಕ್ಕೂ ಹೆಚ್ಚು ಕೈದಿಗಳಿಗೆ ಒಟ್ಟಿಗೆ ವಿಪಶ್ಯನ ಧ್ಯಾನದ ಶಿಬಿರ ಮಾಡಿಸಿದರು. ಅದೇ ವರ್ಷ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1995ರಲ್ಲಿ ಅಲ್ಲಿಂದಲೂ ಎತ್ತಿದರು. ಕೆಲಸಕ್ಕಿಂತ ಪ್ರಚಾರ ಜಾಸ್ತಿ ಎಂಬುದು ಅವರ ಮೇಲಿನವರ ದೂರು. ಕ್ಯಾಮೆರಾ ಕಂಡರೆ ಬೇಡಿಯವರಿಗೆ ಬೇಸರ ಇರಲಿಲ್ಲ ಎನ್ನುವುದು ನಿಜ. ಆದರೆ ಪ್ರಚಾರ ಇಲ್ಲದ ತಿಹಾರ್ ಎಷ್ಟು ಚೆನ್ನಾಗಿತ್ತು ಎಂದು ಆ ಮೇಲಿನವರನ್ನೂ ಕೇಳಬೇಕಲ್ಲ.

ಮುಂದೆ ಚಂಡೀಗಢದಲ್ಲಿ ಐಜಿ ಆಗಿ ಎರಡು ತಿಂಗಳೂ ಉಳಿಯಲಿಲ್ಲ. 2003ರಲ್ಲಿ ವಿಶ್ವಸಂಸ್ಥೆಯ ಪೊಲೀಸ್ ಸಲಹೆಗಾರರಾಗಿ ನ್ಯೂಯಾರ್ಕ್‌ಗೆ ಹೋಗಿ ಬಂದರು.

2007ರಲ್ಲಿ ಕಮಿಷನರ್ ಕೆ.ಕೆ. ಪಾಲ್ ಅವರ ಅವಧಿ ಮುಗಿಯಿತು. ಬೇಡಿ 1972ರ ಬ್ಯಾಚ್. ಸರ್ಕಾರ ಆರಿಸಿದ್ದು 1974ರ ಬ್ಯಾಚಿನ ವೈ.ಎಸ್. ದಡ್ವಾಲ್ ಅವರನ್ನು. ಎರಡು ವರ್ಷ ಕಿರಿಯರು. ಬೇಡಿ ಸಿಟ್ಟಾಗಿ ರಜೆ ಹಾಕಿದರು, ಮಾಧ್ಯಮದ ಮುಂದೆ ಬಹಿರಂಗವಾಗಿ ಮಾತಾಡಿದರು, ವರ್ಷದ ಕೊನೆಗೆ ಸ್ವಯಂ ನಿವೃತ್ತಿ ತೆಗೆದುಕೊಂಡರು. ಸೇವೆ ಇನ್ನೂ ಒಂದೂವರೆ ವರ್ಷ ಬಾಕಿ ಇತ್ತು.

ಇಲ್ಲಿ ಜನ ಎಡವುವುದು ಒಂದು ಕಡೆ. ಸೀನಿಯರ್ ಆದವರಿಗೆ ಕಮಿಷನರ್ ಹುದ್ದೆ ಹಕ್ಕಾಗಿ ಬರುತ್ತದೆ ಎಂದುಕೊಳ್ಳುತ್ತಾರೆ. ಹಾಗಿಲ್ಲ. ದೆಹಲಿ ಪೊಲೀಸರು ದೆಹಲಿಯ ಮುಖ್ಯಮಂತ್ರಿ ಕೈಕೆಳಗೆ ಇಲ್ಲ, ಕೇಂದ್ರ ಗೃಹ ಸಚಿವಾಲಯದ ಕೆಳಗಿದ್ದಾರೆ. 1978ರಲ್ಲಿ ಅಲ್ಲಿ ಕಮಿಷನರ್ ಪದ್ಧತಿ ಬಂದಾಗಿನಿಂದ ಆ ಕುರ್ಚಿಗೆ ಯಾರು ಎಂಬುದನ್ನು ಕೇಂದ್ರವೇ ತೀರ್ಮಾನಿಸುತ್ತದೆ. ಸಂಸತ್ತು, ರಾಯಭಾರ ಕಚೇರಿಗಳು, ವಾರಕ್ಕೊಂದು ಮೆರವಣಿಗೆ ಎಲ್ಲ ಇರುವ ಊರು. ಅಲ್ಲಿನ ಕಮಿಷನರ್ ಬಾಯಿಗೆ ಬೀಗ ಹಾಕಿಕೊಂಡು ಇರಬೇಕೆಂದು ಯಾವ ಪಕ್ಷದ ಸರ್ಕಾರವೂ ಬಯಸುತ್ತದೆ. ಮೂವತ್ತು ವರ್ಷ ಬಾಯಿ ಮುಚ್ಚದ ಅಧಿಕಾರಿ, ಮೇಲೆ ನ್ಯಾಯಮೂರ್ತಿಗಳ ಸಮಿತಿಯ ಟೀಕೆ. ಬೇಡ ಎನ್ನಲು ಗೃಹ ಇಲಾಖೆಗೆ ಇಷ್ಟು ಸಾಕಿತ್ತು.

ಹೆಣ್ಣು ಎಂಬ ಕಾರಣ ಇತ್ತೇ? ಬೇಡಿ ಇತ್ತು ಎಂದರು. 1973ರ ಬ್ಯಾಚಿನ ಕಾಂಚನ್ ಚೌಧರಿ ಭಟ್ಟಾಚಾರ್ಯ 2004ರಲ್ಲೇ ಉತ್ತರಾಖಂಡದ ಡಿಜಿಪಿ ಆಗಿದ್ದರು. ಒಂದು ರಾಜ್ಯದ ಪೊಲೀಸ್ ಮುಖ್ಯಸ್ಥೆಯಾದ ಮೊದಲ ಮಹಿಳೆ ಅವರು. ನಮ್ಮ ಕರ್ನಾಟಕದಲ್ಲಿ ನೀಲಮಣಿ ರಾಜು ಆ ಕುರ್ಚಿಗೆ ಬರಲು 2017 ಆಗಬೇಕಾಯಿತು. ಅಂದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಹಾಗಂತ ಹಾರು ಹೊಡೆದೂ ಇರಲಿಲ್ಲ. ಗಂಡಸು ಗಟ್ಟಿಯಾಗಿ ಮಾತಾಡಿದರೆ ಖಡಕ್ ಅಧಿಕಾರಿ, ಹೆಂಗಸು ಮಾತಾಡಿದರೆ ಬಾಯಿಬಡುಕಿ ಅನ್ನುವ ಮನಸ್ಸು ಆ ಆಯ್ಕೆಯ ಕೋಣೆಯಲ್ಲಿ ಇರಲೇ ಇಲ್ಲ ಎಂದು ನಾನಂತೂ ನಂಬಲಾರೆ. ಆದರೂ ತೀಸ್ ಹಜಾರಿ ಇಲ್ಲದಿದ್ದರೆ ಅವರನ್ನು ಬಿಟ್ಟುಹೋಗುವುದು ಸರ್ಕಾರಕ್ಕೆ ಇಷ್ಟು ಸುಲಭ ಆಗುತ್ತಿರಲಿಲ್ಲ.

ನಿವೃತ್ತಿ ನಂತರದ ಕಥೆ ನಿಮಗೆ ಗೊತ್ತೇ ಇದೆ. ಅಣ್ಣಾ ಹಜಾರೆ ಚಳವಳಿ. ಕಡಿಮೆ ದರದ ಟಿಕೆಟ್‌ನಲ್ಲಿ ಹಾರಿ ಆಯೋಜಕರಿಂದ ಪೂರ್ತಿ ದರ ಪಡೆದರೆಂಬ 2011ರ ವಿವಾದ; ಉಳಿದ ಹಣ ತಮ್ಮ ಸಂಸ್ಥೆಗೆ ಹೋಗಿದೆ ಎಂದು ಅವರು ಉತ್ತರಿಸಿದರು. 2015ರಲ್ಲಿ ಬಿಜೆಪಿಯ ಮುಖ್ಯಮಂತ್ರಿ ಅಭ್ಯರ್ಥಿಯಾಗಿ ಕೃಷ್ಣ ನಗರದಲ್ಲಿ ಸೋಲು. 2016ರಿಂದ 2021ರ ಫೆಬ್ರವರಿವರೆಗೆ ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್. ಅಲ್ಲಿ ಮುಖ್ಯಮಂತ್ರಿ ನಾರಾಯಣಸ್ವಾಮಿ ಇವರ ವಿರುದ್ಧ ರಾಜನಿವಾಸದ ಮುಂದೆಯೇ ಧರಣಿ ಕೂತರು. ಅವಧಿ ಮುಗಿಯುವ ಮೊದಲೇ ಅವರನ್ನು ಆ ಹುದ್ದೆಯಿಂದ ತೆಗೆದದ್ದು ತಮ್ಮದೇ ಪಕ್ಷದ ಕೇಂದ್ರ ಸರ್ಕಾರ.

ಈಗಾದರೆ ಅವರು ಕಮಿಷನರ್ ಆಗುತ್ತಿದ್ದರೇ ಎಂದೂ ಕೆಲವರು ಕೇಳುತ್ತಾರೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್‌ನಲ್ಲಿ ರಾಜ್ಯಗಳಿಗೆ ಒಂದು ದಾರಿ ಹಾಕಿಕೊಟ್ಟಿದೆ. ಯುಪಿಎಸ್‌ಸಿ ಅತ್ಯಂತ ಹಿರಿಯರಲ್ಲಿ ಮೂವರ ಪಟ್ಟಿ ಕೊಡಬೇಕು, ಅದರಲ್ಲಿ ಒಬ್ಬರನ್ನು ಡಿಜಿಪಿ ಮಾಡಬೇಕು, ಕನಿಷ್ಠ ಎರಡು ವರ್ಷ ಅಲ್ಲಾಡಿಸಬಾರದು. ದೆಹಲಿಗೂ ಇದೇ ನಿಯಮ ಇದ್ದಿದ್ದರೆ ಬೇಡಿಯವರ ಹೆಸರು ಪಟ್ಟಿಗಾದರೂ ಬರುತ್ತಿತ್ತೇನೋ. ಆದರೆ 2021ರ ಜುಲೈನಲ್ಲಿ, ನಿವೃತ್ತಿಗೆ ನಾಲ್ಕು ದಿನ ಇದ್ದಾಗ, ಗುಜರಾತ್ ಕೇಡರ್‌ನ ರಾಕೇಶ್ ಅಸ್ಥಾನಾ ಅವರನ್ನು ಕೇಂದ್ರ ದೆಹಲಿ ಕಮಿಷನರ್ ಮಾಡಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ದೆಹಲಿ ಹೈಕೋರ್ಟ್ ಅದೇ ವರ್ಷ ಅಕ್ಟೋಬರ್‌ನಲ್ಲಿ ವಜಾ ಮಾಡಿತು. ಪ್ರಕಾಶ್ ಸಿಂಗ್ ತೀರ್ಪಿನ ಆ ನಿಯಮ ರಾಜ್ಯಗಳ ಡಿಜಿಪಿಗಳಿಗೆ ಮಾತ್ರ, ದೆಹಲಿ ಕಮಿಷನರ್‌ಗೆ ಅನ್ವಯಿಸುವುದಿಲ್ಲ ಎಂದಿತು. ಅಂದರೆ 2007ರಲ್ಲಿ ಕೇಂದ್ರಕ್ಕೆ ಇದ್ದ ಆ ಸ್ವಾತಂತ್ರ್ಯವನ್ನು ಕೋರ್ಟೂ ಒಪ್ಪಿಕೊಂಡಂತಾಯಿತು.